ಬಿಡಿ ಕೊಂಡಿ, ಬಿಗಿ ನಂಟು

ಸಿರುಗುಪ್ಪದ ಅಕ್ಕಿ, ಬಳ್ಳಾರಿಯ ಜೀನ್ಸ್ ಬಟ್ಟೆ, ಕುರುಗೋಡಿನ ಎರೆಹೊಲ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗಾದರೂ ನಗೆ ಬಂದೀತು. ಒಂದು ಅಡಿಗೆಮನೆಯದು, ಇನ್ನೊಂದು ಹೊಲಿಗೆಯ ಯಂತ್ರದ್ದು, ಮತ್ತೊಂದು ನೇಗಿಲಿನದು. ಆದರೆ ರಾತ್ರಿ ಉಳಿದ ಅನ್ನ ಮುಂಜಾನೆಯ ಹೊತ್ತಿಗೆ ಏಕೆ ಬಿರುಸಾಗುತ್ತದೆ? ಇಸ್ತ್ರಿ ಮಾಡುವ ಮುನ್ನ ಬಟ್ಟೆಗೆ ನೀರನ್ನು ಏಕೆ ಚಿಮುಕಿಸಬೇಕು? ಮಳೆಗಾಲದಲ್ಲಿ ಉಬ್ಬಿದ ಎರೆಮಣ್ಣು ಬೇಸಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಏಕೆ ಬಿರಿಯುತ್ತದೆ? ಈ ಮೂರು ಪ್ರಶ್ನೆಗಳಿಗೂ ರಸಾಯನಶಾಸ್ತ್ರ ಕೊಡುವ ಉತ್ತರ ಒಂದೇ ಮನೆತನಕ್ಕೆ ಸೇರಿದ್ದು. ಆ ಮನೆತನದ ಹೆಸರು ಜಲಜನಕ ಬಂಧ. ಹೈಡ್ರೋಜನ್ ಬಾಂಡ್ ಎಂಬ ಹೆಸರಿನಿಂದ ನಿಮ್ಮ ಮನೆಯ ಮಕ್ಕಳು ಇದನ್ನು ಶಾಲೆಯಲ್ಲಿ ಓದಿರುತ್ತಾರೆ.

ಈ ಬಂಧದ ಮೊದಲ ಲಕ್ಷಣ ದೌರ್ಬಲ್ಯ. ಒಂದೊಂದಾಗಿ ನೋಡಿದರೆ ಇದು ನೆಚ್ಚತಕ್ಕ ಬಂಧವೇ ಅಲ್ಲ. ಆದರೂ ಹತ್ತಿಯ ನೂಲು ಗಟ್ಟಿಯಾಗಿ ನಿಲ್ಲುವುದರಲ್ಲಿ, ನೀರು ಹೆಪ್ಪುಗಟ್ಟಿ ಮಂಜುಗಡ್ಡೆಯಾಗುವುದರಲ್ಲಿ, ತಂದೆತಾಯಿಗಳ ಚಹರೆ ಮಕ್ಕಳಿಗೆ ಇಳಿದು ಬರುವುದರಲ್ಲಿ ಇದರ ಕೈವಾಡವಿದೆ. ಇಷ್ಟು ದುರ್ಬಲವಾದ ಕೊಂಡಿ ಅಷ್ಟೊಂದು ಭಾರವನ್ನು ಹೊರುವುದು ಹೇಗೆ? ಯಾವಾಗ ಹೊರುತ್ತದೆ, ಯಾವಾಗ ಕೈಬಿಡುತ್ತದೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಇದೇ ಶತಮಾನದಲ್ಲಿ ಲಕ್ಷಗಟ್ಟಲೆ ಎಳೆಯ ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯೂ ಆಗಿತ್ತು. ಆ ಮಾತಿಗೆ ಆಮೇಲೆ ಬರೋಣ.

ಮೊದಲು ನೀರನ್ನು ನೋಡೋಣ. ನೀರಿನ ಒಂದು ಅಣುವಿನಲ್ಲಿ ಎರಡು ಜಲಜನಕದ ಪರಮಾಣುಗಳೂ ಒಂದು ಆಮ್ಲಜನಕದ ಪರಮಾಣುವೂ ಇವೆ. ಇವನ್ನು ಕಟ್ಟಿಹಾಕಿರುವುದು ಎಲೆಕ್ಟ್ರಾನುಗಳ ಪಾಲುಗಾರಿಕೆ. ಆದರೆ ಈ ಪಾಲುಗಾರಿಕೆ ಸಮಪಾಲಿನದಲ್ಲ. ಆಮ್ಲಜನಕ ಹೆಚ್ಚು ಪಾಲನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಅದರಿಂದ ಆಮ್ಲಜನಕದ ಕಡೆ ಕೊಂಚ ಋಣ ವಿದ್ಯುತ್ತೂ, ಜಲಜನಕದ ಕಡೆ ಕೊಂಚ ಧನ ವಿದ್ಯುತ್ತೂ ಉಳಿಯುತ್ತವೆ. ಹೀಗೆ ಬರಿದಾದ ಜಲಜನಕ ನೆರೆಯ ಅಣುವಿನ ಆಮ್ಲಜನಕದ ಕಡೆಗೆ ಕೈಚಾಚುತ್ತದೆ. ಆ ಚಾಚಿದ ಕೈಯೇ ಜಲಜನಕ ಬಂಧ. ೧೯೨೦ರಲ್ಲಿ ಅಮೆರಿಕದ ಲ್ಯಾಟಿಮರ್ ಮತ್ತು ರೋಡ್‌ಬುಷ್ ಎಂಬ ಇಬ್ಬರು ವಿಜ್ಞಾನಿಗಳು ನೀರಿನ ಸ್ವಭಾವವನ್ನು ವಿವರಿಸಲು ಈ ಕಲ್ಪನೆಯನ್ನು ಮುಂದಿಟ್ಟರು. ೧೯೩೯ರಲ್ಲಿ ಪ್ರಕಟವಾದ ಲೈನಸ್ ಪಾಲಿಂಗ್ ಅವರ ಗ್ರಂಥದಿಂದ ಅದು ಎಲ್ಲೆಡೆ ಪ್ರಚಾರಕ್ಕೆ ಬಂದಿತು.

ಅಣುವಿನ ಒಳಗಿನ ಬಂಧದ ಬಲದೊಡನೆ ಹೋಲಿಸಿದರೆ ಈ ಹೊರಗಿನ ಬಂಧದ ಬಲ ಸುಮಾರು ೨೦ರಲ್ಲಿ ಒಂದು ಪಾಲು ಮಾತ್ರ. ಲೋಟದಲ್ಲಿ ನಿಶ್ಚಲವಾಗಿ ಕಾಣುವ ನೀರಿನಲ್ಲಿ ಇಂತಹ ಒಂದು ಬಂಧದ ಆಯುಸ್ಸು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗದಷ್ಟು. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುತ್ತ ಸಾಗುವ ಜನರಂತೆ ನೀರಿನ ಅಣುಗಳು ಸದಾ ಕೈ ಬದಲಿಸುತ್ತಿರುತ್ತವೆ. ತಣ್ಣಗಾಗಿ ಮಂಜುಗಡ್ಡೆಯಾದಾಗ ಈ ಗಲಭೆ ಅಡಗುತ್ತದೆ. ಒಂದೊಂದು ಅಣುವೂ ನಾಲ್ಕು ನೆರೆಯವರನ್ನು ಹಿಡಿದು ನಿಂತುಬಿಡುತ್ತದೆ. ಹೀಗೆ ಕೈಚಾಚಿ ನಿಲ್ಲುವುದಕ್ಕೆ ಎಡೆ ಹೆಚ್ಚು ಬೇಕು. ಆದುದರಿಂದಲೇ ನೀರು ಹೆಪ್ಪುಗಟ್ಟುವಾಗ ಸುಮಾರು ೯ ಪಾಲು ನೂರಕ್ಕೆ ಹಿಗ್ಗುತ್ತದೆ, ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಮಂಜುಗಡ್ಡೆಯ ಒಳಗಿನ ಆ ಅಚ್ಚುಕಟ್ಟಾದ ಕಟ್ಟಡವನ್ನು ಕಟ್ಟಿದವರಾರು? ನಾವು ಮನೆ ಕಟ್ಟಬೇಕಾದರೆ ಇಟ್ಟಿಗೆ ಬೇಕು, ಗಾರೆ ಬೇಕು, ನೂಲು ಹಿಡಿದು ನೋಡುವ ಮೇಸ್ತ್ರಿ ಬೇಕು. ಅಣುಗಳ ಲೋಕದಲ್ಲಿ ಮೇಸ್ತ್ರಿಯಿಲ್ಲ. ಶಾಖದ ಅಲುಗಾಟದಲ್ಲಿ ಅಣುಗಳು ಒಂದಕ್ಕೊಂದು ಬಡಿಯುತ್ತವೆ, ಅಂಟುತ್ತವೆ, ಬಿಡುತ್ತವೆ. ತಪ್ಪಾಗಿ ಕೂಡಿಕೊಂಡದ್ದು ಮರುಗಳಿಗೆಯಲ್ಲೇ ಕಳಚಿಕೊಳ್ಳುತ್ತದೆ. ಸರಿಯಾಗಿ ಕೂಡಿಕೊಂಡದ್ದು ಕೊಂಚ ಹೆಚ್ಚು ಹೊತ್ತು ನಿಲ್ಲುತ್ತದೆ. ಅದರ ಪಕ್ಕಕ್ಕೆ ಇನ್ನೊಂದು ಸರಿಯಾಗಿ ಬಂದು ಕೂಡುತ್ತದೆ. ಹೀಗೆ ಕಟ್ಟಡ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಇದನ್ನೇ ಸ್ವಯಂಜೋಡಣೆ ಎನ್ನುತ್ತಾರೆ. ಬಂಧ ಬಲವಾಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಮೊದಲನೆಯ ತಪ್ಪು ಜೋಡಣೆಯೇ ಕಡೆಯದೂ ಆಗಿ, ಒಳಗೆಲ್ಲ ಬರಿಯ ಗೋಜಲಾಗುತ್ತಿತ್ತು. ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಸಿಗುವುದು ಬಂಧ ದುರ್ಬಲವಾಗಿರುವುದರಿಂದ.

ಸಮಸ್ತ ಜೀವಿಗಳೂ ಈ ಉಪಾಯವನ್ನು ನಂಬಿಕೊಂಡಿವೆ. ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ವಿವರಿಸಿದ ಡಿಎನ್ಎಯ ಜೋಡಿ ಸುರುಳಿಯಲ್ಲಿ ಎದುರುಬದುರಾದ ಅಕ್ಷರಗಳನ್ನು ಹಿಡಿದಿರುವುದು ಎರಡೋ ಮೂರೋ ಜಲಜನಕ ಬಂಧಗಳು. ಒಂದು ಜೋಡಿ ಬಿಚ್ಚಲು ಬಲು ಸುಲಭ. ಆದುದರಿಂದ ಬೇಕಾದಾಗ ಸುರುಳಿಯನ್ನು ಬಿಡಿಸಿ ಪ್ರತಿ ತೆಗೆಯಬಹುದು. ಸುರುಳಿಯ ಉದ್ದಕ್ಕೂ ಲಕ್ಷಾಂತರ ಜೋಡಿಗಳು ಸಾಲಾಗಿ ನಿಂತಿರುವುದರಿಂದ, ಒಂದರ ಮೇಲೊಂದು ಒತ್ತಿ ಕುಳಿತಿರುವುದರಿಂದ, ಇಡೀ ಸುರುಳಿ ಸುಲಭವಾಗಿ ಚೆದರುವುದಿಲ್ಲ. ನೂರು ಎಳೆ ಸೇರಿದರೆ ಹಗ್ಗ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಈಗ ಸಿರುಗುಪ್ಪದ ಅಕ್ಕಿಗೆ ಬರೋಣ. ತುಂಗಭದ್ರೆಯ ನೀರುಂಡು ಬೆಳೆದ ಭತ್ತದ ಕಾಳಿನಲ್ಲಿ ಹೆಚ್ಚಿನ ಪಾಲು ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸಿನ ಸರಪಳಿ. ಅದರಲ್ಲಿ ಎರಡು ಜಾತಿ. ಒಂದು ನೀಳವಾದ ಸರಪಳಿ, ಅದಕ್ಕೆ ಅಮೈಲೋಸ್ ಎಂದು ಹೆಸರು. ಇನ್ನೊಂದು ಮೋಟು ಕವಲುಗಳು ತುಂಬಿದ ಪೊದೆಯಂತಹುದು, ಅದಕ್ಕೆ ಅಮೈಲೋಪೆಕ್ಟಿನ್ ಎಂದು ಹೆಸರು. ಒಣಗಿದ ಅಕ್ಕಿಯಲ್ಲಿ ಇವೆಲ್ಲ ಜಲಜನಕ ಬಂಧಗಳಿಂದ ಒತ್ತೊತ್ತಾಗಿ ಕಟ್ಟಿಕೊಂಡಿರುತ್ತವೆ. ಆದುದರಿಂದಲೇ ಹಸಿ ಅಕ್ಕಿ ಹಲ್ಲಿಗೆ ಕಲ್ಲಿನಂತೆ. ನೀರು ಹಾಕಿ ಒಲೆಯ ಮೇಲಿಟ್ಟಾಗ ೬೫ರಿಂದ ೭೫ ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಆ ಕಟ್ಟು ಸಡಿಲುತ್ತದೆ. ಸರಪಳಿಗಳು ಒಂದರ ಕೈ ಒಂದು ಬಿಟ್ಟು ನೀರಿನ ಕೈ ಹಿಡಿಯುತ್ತವೆ. ಕಾಳು ಉಬ್ಬಿ ಮೆತ್ತಗಾಗುತ್ತದೆ. ನಾವು ಅನ್ನ ಬೆಂದಿತೆನ್ನುತ್ತೇವೆ.

ಅನ್ನ ಆರಿದ ಮೇಲೆ ಕಥೆ ಹಿಂದಕ್ಕೆ ತಿರುಗುತ್ತದೆ. ಸರಪಳಿಗಳು ನೀರನ್ನು ದೂಡಿ ಮತ್ತೆ ತಮ್ಮತಮ್ಮಲ್ಲೇ ಕೈ ಹಿಡಿಯತೊಡಗುತ್ತವೆ. ನೀಳ ಸರಪಳಿಗಳು ಕೆಲವೇ ಗಂಟೆಗಳಲ್ಲಿ ಸಾಲುಗೂಡುತ್ತವೆ; ಕವಲಿನ ಪೊದೆಗಳು ನಿಧಾನವಾಗಿ, ಒಂದೆರಡು ದಿನಗಳಲ್ಲಿ. ಅನ್ನ ಬಿರುಸಾಗುವುದಕ್ಕೆ ನೀರು ಆರಿಹೋದದ್ದೊಂದೇ ಕಾರಣವಲ್ಲ. ಮುಚ್ಚಿದ ಡಬ್ಬಿಯಲ್ಲಿಟ್ಟರೂ ಅನ್ನ ಬಿರುಸಾಗುತ್ತದೆ. ರೆಫ್ರಿಜರೇಟರಿನಲ್ಲಿ ಇನ್ನೂ ಬೇಗ ಬಿರುಸಾಗುತ್ತದೆ, ಏಕೆಂದರೆ ಆ ತಂಪಿನಲ್ಲಿ ಈ ಮರುಜೋಡಣೆ ಬಹಳ ಚುರುಕು. ಹಾಗೆಂದು ಬಳ್ಳಾರಿಯ ಬೇಸಗೆಯಲ್ಲಿ ಅನ್ನವನ್ನು ಹೊರಗೇ ಬಿಡುವುದು ಸಲ್ಲದು. ಅದರಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷ ಮರಳಿ ಬಿಸಿ ಮಾಡಿದರೂ ಹೋಗುವುದಿಲ್ಲ.

ತಂಗಳನ್ನಕ್ಕೆ ನೀರು ಚಿಮುಕಿಸಿ ಹಬೆಯಲ್ಲಿಟ್ಟರೆ ಅದು ಮತ್ತೆ ಮೆತ್ತಗಾಗುವುದನ್ನು ನೀವೆಲ್ಲ ಬಲ್ಲಿರಿ. ಕವಲು ಪೊದೆಗಳ ಮೋಟು ಕೊಂಬೆಗಳ ಕಟ್ಟು ೫೦ರಿಂದ ೬೦ ಡಿಗ್ರಿಗೇ ಬಿಚ್ಚಿಕೊಳ್ಳುತ್ತದೆ. ನೀಳ ಸರಪಳಿಗಳ ಕಟ್ಟು ಮಾತ್ರ ನೂರು ಡಿಗ್ರಿಗೂ ಜಗ್ಗುವುದಿಲ್ಲ. ಅದನ್ನು ಬಿಚ್ಚಲು ೧೨೦ ಡಿಗ್ರಿಗೂ ಮೇಲ್ಪಟ್ಟ ಶಾಖ ಬೇಕು. ಆದುದರಿಂದ ಬಿಸಿ ಮಾಡಿದ ತಂಗಳನ್ನ ಹೊಸ ಅನ್ನದಷ್ಟು ಮೃದುವಾಗುವುದಿಲ್ಲ, ಅದರಲ್ಲಿ ಒಂದು ಪಾಲು ಪಿಷ್ಟ ನಮ್ಮ ಸಣ್ಣ ಕರುಳಿಗೂ ಸುಲಭವಾಗಿ ಜೀರ್ಣವಾಗುವುದಿಲ್ಲ. ಇಲ್ಲಿ ಒಂದು ಪಾಠವಿದೆ. ಎರಡರಲ್ಲೂ ಸಕ್ಕರೆ ಅದೇ, ಬಂಧವೂ ಅದೇ. ಭೇದವಿರುವುದು ಒಂದೊಂದು ಸಾಲಿನಲ್ಲಿ ಎಷ್ಟು ಕೈಗಳು ಒಟ್ಟಿಗೆ ಹಿಡಿದಿವೆ ಎಂಬುದರಲ್ಲಿ. ಮೋಟು ಸಾಲು ಬೇಗ ಬಿಡುತ್ತದೆ, ನೀಳ ಸಾಲು ಹಟ ಹಿಡಿಯುತ್ತದೆ.

ಅದೇ ಗ್ಲೂಕೋಸ್ ಬೇರೊಂದು ರೀತಿಯಲ್ಲಿ ಪೋಣಿಸಿಕೊಂಡರೆ ಪಿಷ್ಟದ ಬದಲು ಹತ್ತಿಯ ಸೆಲ್ಯುಲೋಸ್ ಆಗುತ್ತದೆ. ಇಲ್ಲಿ ಸರಪಳಿ ಕಡ್ಡಿಯಂತೆ ನೆಟ್ಟಗಿರುತ್ತದೆ. ಸಾವಿರಾರು ಮಣಿಗಳ ಇಂತಹ ಸರಪಳಿಗಳು ಮಗ್ಗುಲಿಗೆ ಮಗ್ಗುಲು ತಾಗಿ, ಉದ್ದಕ್ಕೂ ಕೈ ಹಿಡಿದು ಮಲಗಿರುತ್ತವೆ. ಆದುದರಿಂದಲೇ ಅಕ್ಕಿ ಕುದಿಯುವ ನೀರಿನಲ್ಲಿ ಬೆಂದರೂ ಅಂಗಿ ಬೇಯುವುದಿಲ್ಲ. ಆದರೆ ಎಳೆಯೊಳಗೆ ಎಲ್ಲ ಕಡೆಯೂ ಇಂತಹ ಶಿಸ್ತಿಲ್ಲ. ನಡುನಡುವೆ ಸರಪಳಿಗಳು ಸಡಿಲವಾಗಿ ಸುತ್ತಿಕೊಂಡ ಜಾಗಗಳಿವೆ. ನೀರು ನುಗ್ಗುವುದು ಅಲ್ಲಿಗೆ. ಚಿಮುಕಿಸಿದ ನೀರು ಅಲ್ಲಿಯ ಹಳೆಯ ಬಂಧಗಳನ್ನು ಬಿಡಿಸುತ್ತದೆ. ಇಸ್ತ್ರಿಪೆಟ್ಟಿಗೆಯ ಭಾರ ಬಟ್ಟೆಯನ್ನು ನೆಟ್ಟಗೆ ಮಾಡುತ್ತದೆ. ಅದರ ಬಿಸಿ ನೀರನ್ನು ಹಾರಿಸುತ್ತದೆ. ಸರಪಳಿಗಳು ಆ ಹೊಸ ಭಂಗಿಯಲ್ಲೇ ಮತ್ತೆ ಕೈ ಹಿಡಿಯುತ್ತವೆ. ಷರಾಯಿಯ ಗೀರು ಇಡೀ ದಿನ ನಿಲ್ಲುವುದು ಹೀಗೆ, ಬೆವರು ತಾಗಿದಾಗ ಮಾಯವಾಗುವುದೂ ಹೀಗೆಯೇ. ಬಳ್ಳಾರಿಯ ಜೀನ್ಸ್ ಕಾರ್ಖಾನೆಗಳಲ್ಲಿ ಹಬೆಯ ಇಸ್ತ್ರಿ ಹಿಡಿದವರು ದಿನವೂ ಕೋಟ್ಯನುಕೋಟಿ ಜಲಜನಕ ಬಂಧಗಳನ್ನು ಬಿಚ್ಚಿ ಕಟ್ಟುತ್ತಿರುತ್ತಾರೆ.

ಜೀನ್ಸಿನ ನೀಲಿಯದೂ ಇದೇ ಕುಲ. ನೀಲಿ ಬಣ್ಣದ ಅಣು ತನ್ನ ಸುತ್ತಲಿನ ನಾಲ್ಕು ಅಣುಗಳೊಡನೆ ಜಲಜನಕ ಬಂಧದಿಂದ ಹೆಣೆದುಕೊಂಡಿರುತ್ತದೆ. ಈ ಹೆಣಿಗೆ ಎಷ್ಟು ಬಿಗಿಯೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ, ಕರಗಿ ಹರಿಯಬೇಕಾದರೆ ೩೯೦ ಡಿಗ್ರಿಯ ಸುಮಾರಿನ ಶಾಖ ಬೇಕು. ಹಾಗಾದರೆ ನೂಲಿಗೆ ಬಣ್ಣ ಹತ್ತಿಸುವುದು ಹೇಗೆ? ಮೊದಲು ಅದನ್ನು ಕ್ಷಾರದ ನೀರಿನಲ್ಲಿ ಮಾರ್ಪಡಿಸಿ ಹಳದಿಹಸಿರಿನ ದ್ರಾವಣ ಮಾಡುತ್ತಾರೆ. ನೂಲನ್ನು ಅದರಲ್ಲಿ ಅದ್ದಿ ಗಾಳಿಗೆ ಹಿಡಿದಾಗ ಆಮ್ಲಜನಕ ತಾಗಿ ನೀಲಿ ಮರಳುತ್ತದೆ, ಅಣುಗಳು ನೂಲಿನ ಮೈಮೇಲೆಯೇ ಹೆಣೆದುಕೊಳ್ಳುತ್ತವೆ. ನೀಲಿಗೆ ನೀಲಿಯೊಡನೆ ಇರುವಷ್ಟು ನಂಟು ಹತ್ತಿಯೊಡನೆ ಇಲ್ಲ. ಅದರಿಂದಲೇ ಅದು ನೀರಿಗೆ ಕರಗದಿದ್ದರೂ ತಿಕ್ಕಿದಲ್ಲಿ ಉದುರುತ್ತದೆ, ಮೊಳಕಾಲಿನ ಬಳಿ ಬಟ್ಟೆ ಬೆಳ್ಳಗಾಗುತ್ತದೆ.

ಇನ್ನು ಕುರುಗೋಡಿನ ಹೊಲ. ಇಲ್ಲಿ ಪಾಠ ತಲೆಕೆಳಗಾಗಿದೆ. ಬಂಧ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಎರೆಮಣ್ಣು ತೋರಿಸುತ್ತದೆ. ಜೇಡಿಮಣ್ಣಿನ ಕಣವೆಂದರೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ತೆಳುಪದರಗಳು. ಒಂದು ಪದರದ ದಪ್ಪ ಹೆಚ್ಚುಕಡಮೆ ಒಂದು ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಕೆಂಪು ನೆಲಗಳಲ್ಲಿ ಹೆಚ್ಚಾಗಿರುವ ಕೇವೋಲಿನೈಟ್ ಎಂಬ ಜೇಡಿಯಲ್ಲಿ ಒಂದು ಪದರದ ಕೆಳಮೈಯ ಜಲಜನಕಗಳು ಕೆಳಗಿನ ಪದರದ ಆಮ್ಲಜನಕಗಳನ್ನು ಮೈತುಂಬ ಹಿಡಿದಿರುತ್ತವೆ. ನೀರಿಗೆ ನಡುವೆ ನುಸುಳಲು ಎಡೆಯಿಲ್ಲ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯಲ್ಲಾದರೋ ಎದುರುಬದುರಾದ ಎರಡು ಮೈಗಳಲ್ಲೂ ಇರುವುದು ಆಮ್ಲಜನಕವೇ. ಹಿಡಿಯುವವರಿದ್ದಾರೆ, ಕೈ ಚಾಚುವವರಿಲ್ಲ. ನಡುವೆ ಸೋಡಿಯಂ, ಕ್ಯಾಲ್ಸಿಯಂ ಮುಂತಾದುವುಗಳ ಸಡಿಲವಾದ ಹಿಡಿತ ಮಾತ್ರ. ಮಳೆ ಬಂದಾಗ ನೀರು ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ, ನೆಲ ಉಬ್ಬುತ್ತದೆ. ಬೇಸಗೆಯಲ್ಲಿ ನೀರು ಹೋದಂತೆ ಕುಗ್ಗಿ ಬಿರಿಯುತ್ತದೆ.

ಒಕ್ಕಲಿಗನಿಗೆ ಇದರಿಂದ ಲಾಭವೂ ಉಂಟು. ಎರೆ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಬಿರುಕಿಗೆ ಮೇಲ್ಮಣ್ಣು ಬಿದ್ದು ಮಳೆಗೆ ಒಳಮಣ್ಣು ಮೇಲೆದ್ದು ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಮನೆ ಕಟ್ಟುವವನಿಗೆ ಮಾತ್ರ ಇದೇ ಕೇಡು. ಪಾಯದ ಕೆಳಗಿನ ನೆಲ ವರ್ಷವರ್ಷವೂ ಏರಿ ಇಳಿದರೆ ಗೋಡೆ ಬಿರುಕು ಬಿಡದೆ ಏನು ಮಾಡೀತು? ಎರೆಯನ್ನು ಆಳಕ್ಕೆ ತೆಗೆದು ಗರಸು ತುಂಬಿ ಪಾಯ ಹಾಕುವ ಪದ್ಧತಿಗೆ ಕಾರಣ ಇದೇ.

ಪ್ರಕೃತಿ ಮಾಡುವ ಇಂತಹ ಜೋಡಣೆಯನ್ನು ಮನುಷ್ಯ ತಾನೇ ಯೋಜಿಸಿ ಮಾಡಬಹುದೆ? ಮಾಡಬಹುದು. ಮೆಲಮೈನ್ ಮತ್ತು ಸೈಯಾನ್ಯೂರಿಕ್ ಆಮ್ಲ ಎಂಬ ಎರಡು ಪದಾರ್ಥಗಳಿವೆ. ಎರಡರ ಅಣುವೂ ಆರು ಮೂಲೆಯ ಚಿಕ್ಕ ಚಕ್ರ, ಎರಡಕ್ಕೂ ಜೋಡಣೆಗೆ ಒದಗುವ ಮೂರು ಬದಿಗಳು. ಮೆಲಮೈನಿನ ಒಂದು ಬದಿಯಲ್ಲಿ ಕೊಡು, ಕೊಳ್ಳು, ಕೊಡು ಎಂಬ ಕ್ರಮವಿದ್ದರೆ, ಇನ್ನೊಂದರ ಬದಿಯಲ್ಲಿ ಕೊಳ್ಳು, ಕೊಡು, ಕೊಳ್ಳು ಎಂಬ ಕ್ರಮವಿದೆ. ಬದಿಗೆ ಬದಿ ತಾಗಿದೊಡನೆ ಮೂರು ಬಂಧಗಳು ಒಮ್ಮೆಗೇ ಬೀಳುತ್ತವೆ. ಮೂರು ಮತ್ತು ಮೂರು ಅಣುಗಳು ಬಳಸಿ ನಿಂತರೆ ೧೮ ಬಂಧಗಳ ಒಂದು ಹೂವಾಗುತ್ತದೆ. ೧೯೯೦ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ವೈಟ್‌ಸೈಡ್ಸ್ ಅವರ ಬಳಗ ಇಂತಹ ಹೂವನ್ನು ದ್ರಾವಣದಲ್ಲಿ ಅರಳಿಸಿ ತೋರಿಸಿತು. ಹೂವಿಗೆ ಹೂವು ಸೇರುತ್ತ ಹೋದರೆ ಚುಕ್ಕೆಯಿಟ್ಟು ಬರೆದ ರಂಗೋಲಿಯಂತೆ ಹಾಳೆಯೇ ಹರಡುತ್ತದೆ.

ಈ ಎರಡು ಪದಾರ್ಥಗಳ ದ್ರಾವಣಗಳನ್ನು ಸುಮ್ಮನೆ ಬೆರೆಸಿದರೆ ಒಡನೆಯೇ ಬಿಳಿಯ ಪುಡಿ ತಳಕ್ಕೆ ಇಳಿಯುತ್ತದೆ. ಆ ಅವಸರದಲ್ಲಿ ಒಳರಚನೆ ನೋಡುವುದಕ್ಕೆ ತಕ್ಕ ಹರಳು ಸಿಗುವುದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿಗಳೂ ಇದಕ್ಕೆ ಉಪಾಯ ಹುಡುಕಿದರು. ಎರಡನ್ನೂ ನೀರಿನೊಡನೆ ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆರಿಸಿದಾಗ ಅಣುಗಳಿಗೆ ತಪ್ಪು ತಿದ್ದಿಕೊಳ್ಳುವ ಬಿಡುವು ದೊರೆತು ಒಳ್ಳೆಯ ಹರಳುಗಳಾದವು. ೧೯೯೯ರಲ್ಲಿ ಅವರು ಪ್ರಕಟಿಸಿದ ಕ್ಷಕಿರಣ ಚಿತ್ರದಲ್ಲಿ ಆ ರಂಗೋಲಿಯ ಹಾಳೆಗಳೂ, ಹಾಳೆಯ ಮೇಲೆ ಹಾಳೆ ಕುಳಿತು ಆದ ಸೂಕ್ಷ್ಮ ನಾಳಗಳೂ ಕಂಡವು.

ಈ ಜೋಡಿಯ ಸ್ಥಿರತೆಯನ್ನು ನೋಡಿ. ಬೇರೆಬೇರೆಯಾಗಿದ್ದಾಗ ಎರಡರಲ್ಲಿ ಯಾವುದನ್ನಾದರೂ ಒಂದು ಲೀಟರ್ ನೀರಿನಲ್ಲಿ ಎರಡು ಮೂರು ಗ್ರಾಂ ಕರಗಿಸಬಹುದು. ಜೋಡಿಯಾದ ಮೇಲೆ ಕರಗುವುದು ಕೆಲವೇ ಮಿಲಿಗ್ರಾಂ, ಅಂದರೆ ಸುಮಾರು ಸಾವಿರದಲ್ಲಿ ಒಂದು ಪಾಲು. ೩೦೦ ಡಿಗ್ರಿಗೂ ಹೆಚ್ಚಿನ ಶಾಖವನ್ನು ತಾಳುವುದರಿಂದ ಪ್ಲಾಸ್ಟಿಕ್ಕಿಗೆ ಬೆಂಕಿ ಹತ್ತದಂತೆ ಬೆರೆಸುವುದಕ್ಕೂ ಇದನ್ನು ಬಳಸುತ್ತಾರೆ. ಬರಿಯ ದುರ್ಬಲ ಕೊಂಡಿಗಳಿಂದಾದ ನಂಟು ಇದು.

ಈಗ ಮೊದಲು ಹೇಳಿದ ಮಕ್ಕಳ ಮಾತು. ಹಾಲಿನಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಎಷ್ಟಿದೆ ಎಂದು ಅಳೆಯುವ ಹಳೆಯ ವಿಧಾನ ೧೮೮೩ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಅವರು ಕಂಡುಹಿಡಿದದ್ದು. ಅದು ಅಳೆಯುವುದು ಪ್ರೋಟೀನನ್ನಲ್ಲ, ಅದರಲ್ಲಿರುವ ಸಾರಜನಕವನ್ನು. ಪ್ರೋಟೀನಿನ ತೂಕದಲ್ಲಿ ಸಾರಜನಕ ನೂರಕ್ಕೆ ಸುಮಾರು ೧೬. ಮೆಲಮೈನಿನಲ್ಲಿ ನೂರಕ್ಕೆ ಸುಮಾರು ೬೬. ಹಾಲಿಗೆ ನೀರು ಬೆರೆಸಿ ಒಂದಿಷ್ಟು ಮೆಲಮೈನ್ ಹಾಕಿದರೆ ಪರೀಕ್ಷೆಯ ಲೆಕ್ಕ ಸರಿಹೋಗುತ್ತದೆ. ಚೀನದಲ್ಲಿ ಈ ಮೋಸ ನಡೆದು ೨೦೦೮ರಲ್ಲಿ ಬಯಲಾಯಿತು. ಸುಮಾರು ೩ ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ೬ ಮಕ್ಕಳು ಸತ್ತರು.

ಮೆಲಮೈನ್ ತಾನಾಗಿ ಅಷ್ಟು ಉಗ್ರವಾದ ವಿಷವಲ್ಲ. ಆದರೆ ಮೂತ್ರಪಿಂಡದಲ್ಲಿ ಅದಕ್ಕೆ ಜೊತೆಗಾರ ಸಿಕ್ಕಿದ. ಎಳೆಯ ಮಕ್ಕಳ ಮೂತ್ರದಲ್ಲಿ ಸಹಜವಾಗಿ ಹೆಚ್ಚಾಗಿರುವ ಯೂರಿಕ್ ಆಮ್ಲ ಮೆಲಮೈನಿನೊಡನೆ ಕೈಹಿಡಿದು ಕಲ್ಲಾಯಿತು. ಅದರ ಹಿಂದಿನ ವರ್ಷ, ೨೦೦೭ರಲ್ಲಿ, ಅಮೆರಿಕದಲ್ಲಿ ಕಲಬೆರಕೆಯ ಆಹಾರ ತಿಂದ ನಾಯಿ ಬೆಕ್ಕುಗಳ ಮೂತ್ರಪಿಂಡಗಳಲ್ಲಿ ಕಂಡದ್ದು ಅದೇ ಮೆಲಮೈನ್ ಮತ್ತು ಸೈಯಾನ್ಯೂರಿಕ್ ಆಮ್ಲದ ಹರಳು. ಪ್ರಯೋಗಶಾಲೆಯಲ್ಲಿ ಅಂದವಾಗಿ ಕಂಡ ರಂಗೋಲಿ ಸೂಕ್ಷ್ಮವಾದ ಮೂತ್ರನಾಳಗಳನ್ನು ಕಟ್ಟಿಹಾಕಿತು. ವೈದ್ಯರಿಗೆ ದಾರಿ ತೋರಿಸಿದ್ದೂ ಇದೇ ಜ್ಞಾನ. ದೇಹಕ್ಕೆ ಹೆಚ್ಚು ನೀರು ಕೊಟ್ಟು, ಮೂತ್ರದ ಹುಳಿ ಇಳಿಸುವ ಔಷಧಿ ಕೊಟ್ಟರೆ ಯೂರಿಕ್ ಆಮ್ಲ ತನ್ನ ಜಲಜನಕವನ್ನು ಕಳೆದುಕೊಂಡು ಕೈ ಸಡಿಲಿಸುತ್ತದೆ. ಬಹಳಷ್ಟು ಮಕ್ಕಳ ಕಲ್ಲುಗಳು ಶಸ್ತ್ರಚಿಕಿತ್ಸೆಯಿಲ್ಲದೆಯೇ ಹೊರಬಿದ್ದವು.

ನಮ್ಮ ದೇಶ ೨೦೦೮ರ ಸೆಪ್ಟೆಂಬರಿನಲ್ಲಿಯೇ ಚೀನದ ಹಾಲಿನ ಪದಾರ್ಥಗಳ ಆಮದನ್ನು ತಡೆಯಿತು. ೨೦೧೦ರಲ್ಲಿ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಂಡಲಿ ಶಿಶುಗಳ ಹಾಲಿನ ಪುಡಿಯಲ್ಲಿ ಒಂದು ಕಿಲೋಗ್ರಾಮಿಗೆ ೧ ಮಿಲಿಗ್ರಾಂ, ಇತರ ಆಹಾರಗಳಲ್ಲಿ ೨.೫ ಮಿಲಿಗ್ರಾಂ ಎಂದು ಮಿತಿ ಗೊತ್ತುಮಾಡಿತು. ಇಲ್ಲಿ ನಿಮಗೆ ಒಂದು ಸಂದೇಹ ಬರಬಹುದು: ನಮ್ಮ ಮನೆಯ ಮೆಲಮೈನ್ ತಟ್ಟೆಗಳ ಗತಿಯೇನು? ತಟ್ಟೆಯಲ್ಲಿ ಮೆಲಮೈನ್ ಬೇರೊಂದು ಪದಾರ್ಥದೊಡನೆ ಬಲವಾದ ಬಂಧಗಳಿಂದ ಬೆಸೆದುಕೊಂಡಿರುತ್ತದೆ. ಊಟ ಬಡಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಬಹಳ ಬಿಸಿಯಾದ ಹುಳಿ ಪದಾರ್ಥವನ್ನು ಅದರಲ್ಲಿ ಹೊತ್ತುಗಟ್ಟಲೆ ಇಡಬಾರದು. ಮೈಕ್ರೋವೇವ್ ಒಲೆಯಲ್ಲಿ ಅದನ್ನಿಟ್ಟು ಕಾಯಿಸಲೇಬಾರದು.

ಇಷ್ಟರಿಂದ ತಿಳಿಯುವುದೇನು? ಗಟ್ಟಿತನವೆಂಬುದು ಒಂದು ಕೊಂಡಿಯ ಗುಣವಲ್ಲ. ಎಷ್ಟು ಕೊಂಡಿಗಳು ಕೂಡಿವೆ, ಯಾವ ಕ್ರಮದಲ್ಲಿ ಕೂಡಿವೆ, ನಡುವೆ ನುಗ್ಗುವುದಕ್ಕೆ ನೀರಿಗೆ ಎಡೆಯಿದೆಯೆ ಎಂಬ ಮೂರರ ಮೇಲೆ ಅದು ನಿಂತಿದೆ. ಹಬೆಗೆ ಮೆದುವಾಗುವ ಅನ್ನ, ನೀರಿಗೆ ಬಗ್ಗುವ ಹತ್ತಿ, ಮಳೆಗೆ ಉಬ್ಬುವ ಎರೆ, ಮಗುವಿನ ಒಡಲಿನಲ್ಲಿ ಕಟ್ಟಿ ಔಷಧಿಗೆ ಸಡಿಲಿದ ಕಲ್ಲು, ಎಲ್ಲವೂ ಈ ಒಂದೇ ಲೆಕ್ಕಕ್ಕೆ ಒಳಪಟ್ಟಿವೆ. ಅಣುಗಳು ಒಳ್ಳೆಯದು ಕೆಟ್ಟದು ನೋಡಿ ಕೂಡುವುದಿಲ್ಲ. ಹೊಂದುವ ಬದಿ ಸಿಕ್ಕಿದರೆ ಕೂಡುತ್ತವೆ. ಏನನ್ನು ಯಾವುದರ ಜೊತೆಗೆ ಬೆರೆಸಬೇಕು, ಏನನ್ನು ಬೆರೆಸಬಾರದು ಎಂದು ನೋಡಿಕೊಳ್ಳುವ ಹೊಣೆ ಮಾತ್ರ ನಮ್ಮದು.